ಗೂಡು ಕಂಡಾಗ ಕೋಲು ಹುಡುಕುವ ಮುನ್ನ

ಮಾವು ಹೂಬಿಟ್ಟಿದೆ. ಇನ್ನು ಕೆಲವೇ ವಾರಗಳಲ್ಲಿ ಹೊಂಗೆ, ಬೇವು ಅರಳುತ್ತವೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಒಂದು ಹದ ಮಳೆ ಬಿದ್ದರೆ ಸಾಕು, ಕಾಫಿ ತೋಟಗಳು ಬೆಳ್ಳಗಾಗುತ್ತವೆ. ಹೂವು ಬಂದಲ್ಲಿಗೆ ಹೆಜ್ಜೇನು ಬರುತ್ತದೆ. ಹಿಂದೆ ಎತ್ತರದ ಮರವನ್ನೋ ಕಡಿದಾದ ಬಂಡೆಯನ್ನೋ ಹುಡುಕುತ್ತಿದ್ದ ಈ ಹುಳು ಈಗ ಊರಿನ ನೀರಿನ ಟ್ಯಾಂಕು, ಶಾಲೆಯ ಮಾಳಿಗೆ, ಅಪಾರ್ಟ್‌ಮೆಂಟಿನ ಬಾಲ್ಕನಿ ಎಲ್ಲವನ್ನೂ ಬಂಡೆಯೆಂದೇ ಎಣಿಸಿ ತಟ್ಟಿ ಕಟ್ಟುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಸಜ್ಜೆಯ ಅಡಿಯಲ್ಲಿ ಕಪ್ಪಗೆ ಏನೋ ಜೋತುಬಿದ್ದಿರುತ್ತದೆ. ಕೂಡಲೇ ಮನೆಯಲ್ಲಿ ಎರಡು ಮಾತು ಏಳುತ್ತವೆ. ಬೆಂಕಿ ಇಡೋಣವೇ, ಔಷಧಿ ಹೊಡೆಸೋಣವೇ?

ಎರಡೂ ಬೇಡ ಎಂದು ಕೇಳಿಕೊಳ್ಳುವುದಕ್ಕೆ ನಾನು ಇಂದು ಬಂದಿದ್ದೇನೆ. ಮನೆಯ ಸುತ್ತ ಕಾಣುವ ಕುಟುಕು ಹುಳುಗಳ ಗೂಡುಗಳಲ್ಲಿ ಹೆಚ್ಚಿನವಕ್ಕೆ ನಾವು ಏನನ್ನೂ ಮಾಡಬೇಕಾಗಿಲ್ಲ. ಕೆಲವಕ್ಕೆ ಮಾತ್ರ ಬಲ್ಲವರನ್ನು ಕರೆಸಬೇಕು. ಯಾವುದಕ್ಕೆ ಏನು ಎಂಬುದು ಗೂಡು ಯಾರದು ಎಂಬುದರ ಮೇಲೆ ನಿಂತಿದೆ. ಹಾಗಾಗಿ ಮೊದಲು ದೂರದಿಂದ ನೋಡಿ. ಕಿಟಕಿಯ ಗಾಜಿನ ಒಳಗಿನಿಂದ ನೋಡಿ, ಮೊಬೈಲಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿ. ಗೂಡು ಮೇಣದ್ದೇ, ಮಣ್ಣಿನದೇ, ಬೂದುಬಣ್ಣದ ಕಾಗದದಂಥದೇ?

ಮಣ್ಣಿನದಾದರೆ ಹೆದರಬೇಡಿ. ಗೋಡೆಯ ಮೂಲೆಯಲ್ಲಿ, ಫೋಟೋ ಚೌಕಟ್ಟಿನ ಹಿಂದೆ, ಕಿಟಕಿಯ ಸಂದಿಯಲ್ಲಿ ಹಸಿ ಮಣ್ಣಿನ ಉಂಡೆ ತಂದು ಮೆತ್ತುವ ಸಪೂರ ಸೊಂಟದ ಕಣಜ ಒಂಟಿ ಜೀವ. ಗೂಡನ್ನು ಕಾಯಲು ಅದಕ್ಕೆ ಹಿಂಡಿಲ್ಲ. ಹತ್ತಿರ ಹೋದರೂ ಅದು ಮೈಮೇಲೆ ಏರಿ ಬರುವುದಿಲ್ಲ. ಹಿಡಿದು ಅದುಮಿದರೆ ಮಾತ್ರ ಚುಚ್ಚೀತು. ತಾಯಿ ಕಣಜ ಜೇಡವನ್ನೋ ಕಂಬಳಿಹುಳುವನ್ನೋ ಚುಚ್ಚಿ ಜಡಗೊಳಿಸಿ, ಮಣ್ಣಿನ ಕೋಣೆಯಲ್ಲಿ ಮೊಟ್ಟೆಯ ಜೊತೆಗೆ ಅದನ್ನೂ ಇಟ್ಟು, ಬಾಯಿ ಮುಚ್ಚಿ ಹೋಗುತ್ತದೆ. ಕೆಲವು ದಿನಗಳ ಮೇಲೆ ಅದೇ ಕೋಣೆಯಿಂದ ರೆಕ್ಕೆಯ ಕಣಜ ಹೊರಬರುತ್ತದೆ. ಒಳಗೆ ಹೋದ ಹುಳು ಭ್ರಮರವನ್ನೇ ಧ್ಯಾನಿಸಿ ಭ್ರಮರವಾಯಿತೆಂದು ನಮ್ಮ ಹಿರಿಯರು ಕೀಟ–ಭ್ರಮರ ನ್ಯಾಯವನ್ನು ಹೇಳಿದ್ದು ಈ ಗೂಡನ್ನು ನೋಡಿಯೇ. ಅಧ್ಯಾತ್ಮದಲ್ಲಿ ಆ ಮಾತಿಗೆ ಅದರದೇ ತೂಕವಿದೆ. ಮಣ್ಣಿನ ಕೋಣೆಯೊಳಗೆ ಮಾತ್ರ ಹುಳು ಮರಿಕಣಜದ ಆಹಾರ. ಗೂಡಿನ ಮೇಲೆ ದುಂಡನೆಯ ತೂತು ಬಿದ್ದಿದ್ದರೆ ಮರಿ ಹಾರಿಹೋಗಿದೆ, ಕೆರೆದು ತೆಗೆಯಿರಿ. ಸ್ವಿಚ್‌ಬೋರ್ಡಿನ ತೂತಿಗೆ ಮಣ್ಣು ತುಂಬಿದ್ದರೆ ಮೇನ್ ಆಫ್ ಮಾಡದೆ ಕಡ್ಡಿ ತೂರಿಸಬೇಡಿ. ಅಲ್ಲಿ ಅಪಾಯವಿರುವುದು ಕರೆಂಟಿನಿಂದ.

ತೊಲೆಗೆ, ಬಿದಿರಿಗೆ ತೂತು ಕೊರೆಯುವ ಕರಿ ದುಂಬಿಯ ಸದ್ದು ಜೋರು, ಸ್ವಭಾವ ಸಾಧು. ಗೋಡೆಯ ಬಿರುಕಿನಿಂದ ಅಂಟುಮೇಣದ ಪುಟ್ಟ ಕೊಳವೆ ಹೊರಚಾಚಿ, ಅದರ ಬಾಯಲ್ಲಿ ಸಣ್ಣ ಕಪ್ಪು ಹುಳುಗಳು ಓಡಾಡುತ್ತಿದ್ದರೆ ಅದು ಮಿಸ್ರಿ ಜೇನು, ತುಳುನಾಡಿನವರ ಮುಜಂಟಿ. ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ದಾಸವಾಳದ ಕೊಂಬೆಯಲ್ಲೋ ಬೇಲಿಯಲ್ಲೋ ಅಂಗೈಯಗಲದ ಒಂದೇ ಎರಿ ತೂಗುತ್ತಿದ್ದರೆ ಅದು ಕೋಲುಜೇನು. ಕೊಂಬೆ ಅಲುಗಿಸದಿದ್ದರೆ ಅದೂ ತನ್ನ ಪಾಡಿಗೆ ಇರುತ್ತದೆ. ಇವುಗಳಿಗೆಲ್ಲ ಔಷಧಿ ಹೊಡೆಸುವುದು ಹಣ ಕೊಟ್ಟು ಮಾಡಿಸುವ ಅನ್ಯಾಯ.

ತುಡುವೆ ಜೇನಿನದು ಸ್ವಲ್ಪ ಬೇರೆ. ಕತ್ತಲಿರುವ ಪೊಟರೆ ಅದಕ್ಕೆ ಬೇಕು. ಗೋಡೆಯ ಟೊಳ್ಳು, ಮೀಟರ್ ಪೆಟ್ಟಿಗೆ, ಬಳಸದ ಪೈಪು, ಅಟ್ಟದ ಹಳೆಯ ಡಬ್ಬ ಏನಾದರೂ ಸರಿ, ಒಳಗೆ ಏಳೆಂಟು ಎರಿಗಳನ್ನು ಸಾಲಾಗಿ ಇಳಿಬಿಡುತ್ತದೆ. ಜನ ಮಾಡುವ ತಪ್ಪೆಂದರೆ ಹೊರಗಿನ ತೂತಿಗೆ ಸಿಮೆಂಟು ಮೆತ್ತುವುದು. ಒಳಗೆ ಸಿಕ್ಕಿಬಿದ್ದ ಹುಳುಗಳು ಬೆಳಕಿನ ಇನ್ನೊಂದು ಸಂದಿ ಹುಡುಕಿ ನೇರ ಮಲಗುವ ಕೋಣೆಗೆ ಬರುತ್ತವೆ. ಔಷಧಿ ಸುರಿದು ಕೊಂದರೆ ಗೋಡೆಯೊಳಗೆ ತುಪ್ಪ ಸೋರಿ, ಮರಿಗಳು ಕೊಳೆತು ನಾರುತ್ತವೆ, ಇರುವೆ ಮುತ್ತುತ್ತದೆ. ವಿಷ ಬೆರೆತ ಆ ತುಪ್ಪವನ್ನು ಬೇರೆ ಗೂಡಿನ ಜೇನುಗಳು ಕದ್ದೊಯ್ದು ಅವೂ ಸಾಯುತ್ತವೆ. ತುಡುವೆಯನ್ನು ಪೆಟ್ಟಿಗೆಗೆ ತುಂಬಿಸಿಕೊಳ್ಳುವ ಜೇನು ಕೃಷಿಕರು ನಮ್ಮ ಮಲೆನಾಡು, ಕರಾವಳಿಯ ಊರೂರಿನಲ್ಲಿ ಇದ್ದಾರೆ. ಅವರಿಗೆ ಹೇಳಿದರೆ ಸಂತೋಷದಿಂದ ಬಂದು ರಾಣಿಸಮೇತ ಕೊಂಡೊಯ್ಯುತ್ತಾರೆ. ಯಾರೆಂದು ತಿಳಿಯದಿದ್ದರೆ ತಾಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಬಹುಪಾಲು ನಾಶವಾಗಿದ್ದವು. ಆ ಪೆಟ್ಟು ತಿಂದ ಹಿರಿಯ ಜೇನು ಕೃಷಿಕರು ಒಂದು ಕುಟುಂಬವನ್ನೂ ಸಾಯಲು ಬಿಡುವುದಿಲ್ಲ.

ಈಗ ಹೆಜ್ಜೇನು. ನಿಜಕ್ಕೂ ಹುಷಾರಾಗಿರಬೇಕಾದದ್ದು ಇದರ ಬಳಿ. ಇದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಬಯಲಿನಲ್ಲಿ ಒಂದೇ ಎರಿ ಕಟ್ಟುತ್ತದೆ, ಅದು ಒಂದು ಮೀಟರಿಗೂ ಅಗಲವಾಗಿ ಬೆಳೆಯಬಲ್ಲದು. ಸಾವಿರಾರು ಹುಳುಗಳು ಒಂದರ ಮೇಲೊಂದು ಪದರಪದರವಾಗಿ ಕೂತು ತಮ್ಮ ಮೈಯನ್ನೇ ಎರಿಗೆ ಪರದೆ ಮಾಡುತ್ತವೆ. ಆ ಪರದೆಯ ಮೇಲೆ ಆಗಾಗ ಅಲೆಯೊಂದು ಝಗ್ಗನೆ ಹಾಯುವುದನ್ನು ನೀವು ಕಂಡಿರಬಹುದು. ಹುಳುಗಳು ಸಾಲಾಗಿ ಹೊಟ್ಟೆ ಎತ್ತಿ ಇಳಿಸುವಾಗ ಕಾಣುವ ಅಲೆ ಅದು. ಎದುರಿಗೆ ಕಡಜವೊಂದು ಹೊಂಚುಹಾಕಿ ಸುಳಿದಾಡಿದರೆ ಅದನ್ನು ಬೆದರಿಸಲು ಹೀಗೆ ಮಾಡುತ್ತವೆ. ಅಲೆ ಮೇಲಿಂದ ಮೇಲೆ ಬರುತ್ತಿದ್ದರೆ ತಟ್ಟಿ ಎಚ್ಚೆತ್ತಿದೆ. ಆಗ ಅಲ್ಲಿ ನಿಂತು ವೀಡಿಯೋ ಮಾಡುವುದು ಬೇಡ.

ಬಾಲ್ಕನಿಯಲ್ಲಿ ಹಿಂಡು ಕೂತ ಕೂಡಲೇ ಅದು ಅಲ್ಲೇ ನೆಲೆಸಿತು ಎಂದುಕೊಳ್ಳಬೇಕಾಗಿಲ್ಲ. ಹೆಜ್ಜೇನು ಋತುವಿಗೊಮ್ಮೆ ವಲಸೆ ಹೋಗುವ ಜಾತಿ. ದಾರಿಯಲ್ಲಿ ದಣಿವಾರಿಸಿಕೊಳ್ಳಲು ಬರಿಯ ಹುಳುಗಳ ಗೊಂಚಲಾಗಿ ತಂಗುತ್ತದೆ. ಎರಿಯಿಲ್ಲ, ಮರಿಯಿಲ್ಲ, ಕಾಯಲು ತುಪ್ಪವಿಲ್ಲವಾದ್ದರಿಂದ ಆಗ ಅದಕ್ಕೆ ಸಿಟ್ಟೂ ಕಡಿಮೆ. ಬಾಗಿಲು ಹಾಕಿಕೊಂಡು ಕೆಲವು ದಿನ ಕಾದರೆ ಎದ್ದುಹೋಗುವ ಸಾಧ್ಯತೆಯೇ ಹೆಚ್ಚು. ಎರಿ ಕಟ್ಟಿದರೂ ಅದು ಹೂವಿನ ಕಾಲದ ಸಂಸಾರ. ಹೂವು ಮುಗಿದು ಮಳೆ ಹಿಡಿಯುವ ಹೊತ್ತಿಗೆ ಖಾಲಿ ಎರಿ ಬಿಟ್ಟು ಹೊರಡುತ್ತದೆ. ಆರನೇ ಮಹಡಿಯ ಹೊರಗೋಡೆಯಲ್ಲಿ, ಯಾರ ಕೈಗೂ ತಲೆಗೂ ಎಟುಕದಲ್ಲಿ ಇರುವ ತಟ್ಟಿಯನ್ನು ಅಷ್ಟು ದಿನ ಬಿಟ್ಟುಬಿಡಬಹುದು. ನಂದಗುಡಿ ಸಮೀಪದ ರಾಮಗೋವಿಂದಪುರದಲ್ಲಿ ಒಂದೇ ಆಲದ ಮರದಲ್ಲಿ ಹೆಜ್ಜೇನು ನೂರಾರು ತಟ್ಟಿಗಳನ್ನು ಕಟ್ಟುತ್ತದೆ. ಆ ಮರದ ಆಸುಪಾಸಿನಲ್ಲಿ ಜನ ಬಾಳುತ್ತಿದ್ದಾರೆ.

ಸಂಜೆ ಒಣಗಹಾಕಿದ ಬಿಳಿ ಪಂಚೆಯ ಮೇಲೆ, ಕಾರಿನ ಮೇಲೆ ಸಾಸಿವೆಗಾತ್ರದ ಹಳದಿ ಚುಕ್ಕೆ ಬೀಳುವುದುಂಟು. ಹೆಜ್ಜೇನು ಹಿಂಡಾಗಿ ಹೊರಗೆ ಹಾರಿ ಮಲ ವಿಸರ್ಜಿಸುವಾಗ ಬೀಳುವ ಚುಕ್ಕೆಗಳವು, ಬಹುಪಾಲು ಹೂವಿನ ಪರಾಗ. 1981ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್ ಆಗ್ನೇಯ ಏಷ್ಯಾದ ‘ಹಳದಿ ಮಳೆ’ಯನ್ನು ಸೋವಿಯತ್ ಬಣದ ವಿಷಾಸ್ತ್ರವೆಂದು ದೂರಿದ್ದರು. ಹಾರ್ವರ್ಡಿನ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಜೇನು ವಿಜ್ಞಾನಿ ಥಾಮಸ್ ಸೀಲಿ ಮುಂತಾದವರು ಆ ಚುಕ್ಕೆಗಳಲ್ಲಿ ಪರಾಗವಿರುವುದನ್ನು, ಅವು ಜೇನಿನ ಹಿಕ್ಕೆಯಂತೆಯೇ ಇರುವುದನ್ನು ತೋರಿಸಿದರು. ನಿಮ್ಮ ಪಂಚೆಯ ಚುಕ್ಕೆಯಿಂದಲೂ ಅಪಾಯವಿಲ್ಲ, ಒಗೆದರೆ ಹೋಗುತ್ತದೆ. ರಾತ್ರಿ ದೀಪಕ್ಕೆ ಒಂದೆರಡು ಹೆಜ್ಜೇನು ಮನೆಯೊಳಗೆ ಬಂದರೂ ಗಾಬರಿ ಬೇಡ. ಹೆಜ್ಜೇನು ಬೆಳುದಿಂಗಳಿನಲ್ಲೂ ಮೇವಿಗೆ ಹೋಗುವ ಹುಳು, ಬೆಳಕಿಗೆ ಸೆಳೆಯಲ್ಪಡುತ್ತದೆ. ತಟ್ಟಿಯ ಬಳಿಯ ದೀಪ ಆರಿಸಿ, ಕಿಟಕಿಗೆ ಪರದೆ ಎಳೆಯಿರಿ, ನೆಲದಲ್ಲಿ ಬಿದ್ದ ಹುಳುವನ್ನು ಬರಿಗಾಲಿನಲ್ಲಿ ತುಳಿಯದಿರಿ.

ಹಾಗಾದರೆ ಹೆಜ್ಜೇನು ಏಕೆ ಏಳುತ್ತದೆ? ಪತ್ರಿಕೆಗಳಲ್ಲಿ ಬರುವ ಸುದ್ದಿಗಳನ್ನು ಓದುತ್ತಾ ಹೋದರೆ ಅವೇ ಕಾರಣಗಳು ತಿರುತಿರುಗಿ ಕಾಣುತ್ತವೆ. ಮರದ ಕೆಳಗೆ ಅಡುಗೆಯ ಹೊಗೆ, ಜಾತ್ರೆಯ ಪಟಾಕಿ, ಹುಡುಗರು ಎಸೆದ ಕಲ್ಲು, ಕಟ್ಟಡದ ಗೋಡೆ ಕೊರೆಯುವ ಯಂತ್ರ. ಇವಿಷ್ಟೂ ಮನುಷ್ಯರ ಕೆಲಸ. ಇನ್ನೊಂದು ಕಾರಣ ನಮ್ಮ ಕೈಮೀರಿದ್ದು. ಜೇನುಗಿಡುಗ ಎಂಬ ಹದ್ದಿನ ಜಾತಿಯ ಹಕ್ಕಿ ಎರಿಯ ಮೇಲೆರಗಿ ತುಂಡು ಕಿತ್ತೊಯ್ಯುತ್ತದೆ. ಹಕ್ಕಿಗೆ ದಟ್ಟ ಗರಿಯ ರಕ್ಷಣೆಯಿದೆ, ಕೆರಳಿದ ಜೇನು ಕೆಳಗಿರುವ ಮನುಷ್ಯರ ಮೇಲೆ ಬೀಳುತ್ತದೆ. ಆದ್ದರಿಂದ ಜನ ಸೇರುವ ಜಾಗದಲ್ಲಿ, ಅಂದರೆ ಶಾಲೆಯ ಅಂಗಳ, ದೇವಸ್ಥಾನದ ಮುಂಬಾಗಿಲು, ಬಸ್ ನಿಲ್ದಾಣ, ಆಸ್ಪತ್ರೆಗಳಲ್ಲಿ ಇರುವ ತಟ್ಟಿಯನ್ನು ‘ತನ್ನ ಪಾಡಿಗೆ ಇರಲಿ’ ಎಂದು ಬಿಡುವುದು ಸರಿಯಲ್ಲ. ಬಾಗಿಲ ನೆತ್ತಿಯ ಮೇಲಿನದನ್ನೂ, ಮನೆಯಲ್ಲಿ ಜೇನು ವಿಷದ ಅಲರ್ಜಿ ಇರುವವರಿದ್ದರೆ ಹತ್ತಿರದ್ದನ್ನೂ ತೆಗೆಸಲೇಬೇಕು.

ತೆಗೆಯುವುದು ಕಸುಬುದಾರರ ಕೆಲಸ. ನಾಗರಹೊಳೆ ಸುತ್ತಿನ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಹೆಜ್ಜೇನು ಕೀಳುತ್ತ ಬಂದವರು. ಕತ್ತಲಲ್ಲಿ, ಹಸಿ ಸೊಪ್ಪಿನ ಸೂಡಿಯ ಹೊಗೆ ಹಾಯಿಸಿ, ಹುಳುವನ್ನು ಸರಿಸಿ ಎರಿ ಕೊಯ್ಯುತ್ತಾರೆ. ಹೊಗೆಗೂ ಬೆಂಕಿಗೂ ಇರುವ ಅಂತರ ಅವರಿಗೆ ಗೊತ್ತು. ಹದವಾದ ತಂಪು ಹೊಗೆ ಹುಳುವನ್ನು ಮಂದಗೊಳಿಸುತ್ತದೆ, ಪೆಟ್ರೋಲ್ ಅದ್ದಿದ ಬಟ್ಟೆಯ ಜ್ವಾಲೆ ಹುಚ್ಚೆಬ್ಬಿಸುತ್ತದೆ. ಮೇಣ ಹೊತ್ತಿಕೊಂಡು ಉರಿಯುವ ತುಂಡು ಏಣಿಯ ಮೇಲಿರುವವರ ಕೈಮೇಲೇ ಬೀಳುತ್ತದೆ. ಬೆಂಕಿಯಿಂದ ತಪ್ಪಿಸಿಕೊಂಡ ಹುಳುಗಳು ಮರುದಿನವೂ ಅದೇ ಜಾಗದಲ್ಲಿ ಕೆರಳಿ ಸುತ್ತುತ್ತವೆ. ನಗರದಲ್ಲಿ ಯಾರನ್ನಾದರೂ ಕರೆಸುವಾಗ ಒಂದೇ ಪ್ರಶ್ನೆ ಕೇಳಿ: ಹುಳುವನ್ನು ಕೊಲ್ಲದೆ ಓಡಿಸುತ್ತೀರಾ? ‘ಸ್ಪ್ರೇ ಹೊಡೆದು ಐದು ನಿಮಿಷದಲ್ಲಿ ಮುಗಿಸುತ್ತೇವೆ’ ಎನ್ನುವವರನ್ನು ವಾಪಸು ಕಳಿಸಿ. ಕೊಡಗಿನ ರೋಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಿಡದಿಂದ ಗಿಡಕ್ಕೆ ಪರಾಗ ಒಯ್ಯುವವರಲ್ಲಿ ಹೆಜ್ಜೇನು ಮುಂಚೂಣಿಯಲ್ಲಿದೆ. ಬಾಲ್ಕನಿಯಲ್ಲಿ ವಿಷ ಕುಡಿದು ಸತ್ತ ಹಿಂಡಿನ ನಷ್ಟ ಯಾವುದೋ ದೂರದ ತೋಟದಲ್ಲಿ ಕಾಣಿಸಿಕೊಳ್ಳುತ್ತದೆ. ತೆಗೆಸುವ ರಾತ್ರಿ ಇಡೀ ಕಟ್ಟಡದವರಿಗೆ ತಿಳಿಸಿ, ದೀಪ ಆರಿಸಿ, ಕಿಟಕಿ ಮುಚ್ಚಿಸಿ. ಪಕ್ಕದ ಮನೆಯವರಿಗೆ ಹೇಳದೆ ಮಾಡಿದ ಕೆಲಸದಿಂದ ಕುಟುಕು ತಿಂದವರು ಅನೇಕ.

ಇನ್ನು ಕಾಗದದ ಗೂಡುಗಳು. ಮರದ ನಾರನ್ನು ಅಗಿದು ಜೊಲ್ಲಿನಲ್ಲಿ ಕಲಸಿ ಮಾಡಿದ ಬೂದು ಕಾಗದ. ಕಿಟಕಿ ಸರಳಿನಲ್ಲಿ, ಗೇಟಿನ ಅಡಿಯಲ್ಲಿ ಮುಚ್ಚಿಗೆಯಿಲ್ಲದ ಸಣ್ಣ ಕಣ್ಣುಕಣ್ಣಿನ ಗೂಡಿದ್ದು, ಕಂದುಬಣ್ಣದ ತೆಳ್ಳನೆಯ ಕಣಜಗಳು ಕೂತಿದ್ದರೆ ಅದು ಬಹುಮಟ್ಟಿಗೆ ರೊಪಾಲಿಡಿಯಾ ಎಂಬ ಕುಲದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಈ ಕಣಜದ ಸಂಸಾರವನ್ನೇ ಅಧ್ಯಯನ ಮಾಡಿದವರು. ಇದರ ರಾಣಿ ಯಾರ ಮೇಲೂ ಜಗಳಕ್ಕೆ ಹೋಗದ ಸಾಧು, ರಾಣಿ ಇಲ್ಲವಾದರೆ ದಾಸಿಯರಲ್ಲಿ ಒಂದು ಕೆಲವೇ ನಿಮಿಷಗಳಲ್ಲಿ ಜೋರುಮಾಡಿ ಮುಂದಿನ ರಾಣಿಯಾಗುವ ದಾರಿ ಹಿಡಿಯುತ್ತದೆ. ನಮ್ಮ ಕಿಟಕಿಯಲ್ಲಿ ನಡೆಯುವ ಈ ರಾಜಕಾರಣ ಜಗತ್ತಿನ ವಿಜ್ಞಾನ ಗ್ರಂಥಗಳಿಗೆ ಹೋಗಿದೆ. ಇವು ಹೂದೋಟದ ಕಂಬಳಿಹುಳುಗಳನ್ನು ಹಿಡಿದು ಮರಿಗಳಿಗೆ ಉಣಿಸುತ್ತವೆ. ಯಾರೂ ಹೋಗದ ಮೂಲೆಯಲ್ಲಿದ್ದರೆ ಬಿಡಿ. ಇಲ್ಲೊಂದು ವಿಷಯ ತಿಳಿದಿರಲಿ. ಚಳಿದೇಶಗಳ ಪುಸ್ತಕಗಳಲ್ಲಿ ‘ಚಳಿಗಾಲಕ್ಕೆ ಕಣಜದ ಗೂಡು ತಾನೇ ಸಾಯುತ್ತದೆ, ಕಾಯಿರಿ’ ಎಂದಿರುತ್ತದೆ. ನಮ್ಮಲ್ಲಿ ಹಾಗಿಲ್ಲ, ಈ ಕಣಜ ವರ್ಷವಿಡೀ ಗೂಡು ನಡೆಸಬಲ್ಲದು. ಕೈ ತಾಗುವ ಜಾಗದಲ್ಲಿ, ಮಕ್ಕಳ ಸೈಕಲ್ಲಿನಲ್ಲಿ, ಗ್ಯಾಸ್ ಸಿಲಿಂಡರಿನ ಗೂಡಿನಲ್ಲಿ ಕಟ್ಟತೊಡಗಿದ್ದರೆ ನಾಲ್ಕಾರು ಕಣ್ಣುಗಳಿರುವಾಗಲೇ, ಒಂದೆರಡು ಹುಳು ಮಾತ್ರ ಇರುವಾಗಲೇ, ಮೈಮುಖ ಮುಚ್ಚಿಕೊಂಡು ಉದ್ದನೆಯ ಕೋಲಿನಿಂದ ತಪ್ಪಿಸಿ. ಅಲರ್ಜಿ ಇರುವವರು ಈ ಕೆಲಸಕ್ಕೂ ಹೋಗಬಾರದು. ಗೂಡು ಬೆಳೆದ ಮೇಲೆ ಕೋಲಿಗೆ ಕೈ ಹಾಕಬೇಡಿ.

ಕಡಜ ಬೇರೆ ಮಾತು. ಕಪ್ಪು ಮೈ, ಹೊಟ್ಟೆಯ ಬುಡದಲ್ಲಿ ಅಗಲವಾದ ಹಳದಿ–ಕಿತ್ತಳೆ ಪಟ್ಟಿ, ಹಾರಿದರೆ ದಪ್ಪ ಸದ್ದು. ಗೂಡು ಮಡಕೆಯಂತೆ ದುಂಡಗೆ, ಹೊರಗೆಲ್ಲ ಕಾಗದದ ಹೊದಿಕೆ, ಬಾಯಿ ಒಂದೇ. ತೆಂಗಿನ ಗರಿಯ ನಡುವೆ, ಮಾವಿನ ಕೊಂಬೆಯಲ್ಲಿ, ಪಾಳುಗೋಡೆಯ ಪೊಳ್ಳಿನಲ್ಲಿ, ಕೆಲವೊಮ್ಮೆ ನೆಲದ ಬಿಲದಲ್ಲೂ ಇರುತ್ತದೆ. ಜೇನು ಒಮ್ಮೆ ಚುಚ್ಚಿ ಮುಳ್ಳು ಬಿಟ್ಟು ಸಾಯುತ್ತದೆ, ಕಡಜ ಮತ್ತೆ ಮತ್ತೆ ಚುಚ್ಚಬಲ್ಲದು. ತೆಂಗು, ಅಡಿಕೆ ಏರುವವರೂ ಕಳೆ ಕೊಚ್ಚುವ ಯಂತ್ರ ಹಿಡಿದವರೂ ಮೊದಲು ನಿಂತು ಮೇಲೆ ಕೆಳಗೆ ಕಣ್ಣಾಡಿಸಬೇಕು, ಹುಳುಗಳು ಒಂದೇ ತಾವಿನಿಂದ ಹೋಗಿಬಂದು ಮಾಡುತ್ತಿವೆಯೇ ಎಂದು ನೋಡಬೇಕು. ಮನೆಗೆ ಹತ್ತಿರದ ಕಡಜದ ಗೂಡಿಗೆ ರಕ್ಷಾಕವಚ ಇರುವವರೇ ಆಗಬೇಕು. ಜೀವಕ್ಕೆ ಅಪಾಯ ಒದಗಿದ್ದರೆ 112ಕ್ಕೆ ಕರೆ ಮಾಡಿ, ಅಗ್ನಿಶಾಮಕದವರಿಗೆ ಅಲ್ಲಿಂದಲೇ ಸುದ್ದಿ ಮುಟ್ಟುತ್ತದೆ.

ಜೇನು ಎದ್ದೇಬಿಟ್ಟರೆ ಓಡಿ. ‘ಅಲ್ಲಾಡದೆ ಮಲಗಿ’ ಎಂಬ ಹಳೆಯ ಮಾತು ಒಂಟಿ ಹುಳು ಸುತ್ತಿದಾಗ ಸರಿ, ಹಿಂಡು ಎದ್ದಾಗ ಅದನ್ನು ನಂಬಿದರೆ ಪ್ರಾಣಕ್ಕೆ ಕುತ್ತು. ಟವೆಲನ್ನೋ ಸೆರಗನ್ನೋ ಅಂಗಿಯನ್ನೋ ಮುಖಕ್ಕೆ ಎಳೆದುಕೊಂಡು, ಕಣ್ಣಿಗೆ ದಾರಿ ಕಾಣುವಷ್ಟು ಬಿಟ್ಟು, ಹತ್ತಿರದ ಮನೆಗೋ ಕಾರಿಗೋ ನುಗ್ಗಿ ಬಾಗಿಲು ಹಾಕಿಕೊಳ್ಳಿ. ಜೊತೆಗೆ ಹತ್ತು ಹುಳು ಒಳಬಂದರೂ ಹೊರಗಿನ ಸಾವಿರಕ್ಕಿಂತ ಮೇಲು. ಕೆರೆ, ಬಾವಿಗೆ ಹಾರಬೇಡಿ. ಹೆಜ್ಜೇನು ಮೇಲೆ ಕಾಯುತ್ತದೆ, ಉಸಿರಿಗೆ ತಲೆ ಎತ್ತಿದಾಗ ಮುಖಕ್ಕೇ ಬೀಳುತ್ತದೆ. ಕೈ ಬೀಸಿ ಹೊಡೆಯಬೇಡಿ. ಚುಚ್ಚಿದ ಜಾಗದಿಂದ ಹೊಮ್ಮುವ, ಬಾಳೆಹಣ್ಣಿನಂಥ ವಾಸನೆ ಮಿಕ್ಕ ಹುಳುಗಳಿಗೆ ‘ಇಲ್ಲೇ ಚುಚ್ಚಿ’ ಎಂಬ ಕರೆ. ಕಟ್ಟಿದ ದನ, ನಾಯಿ ಓಡಲಾರವು. ಹೆಜ್ಜೇನಿರುವ ಮರದಡಿ ಹೂವಿನ ಕಾಲದಲ್ಲಿ ದನ ಕಟ್ಟಲೇಬೇಡಿ.

ಕುಟುಕಿದ ಮೇಲೆ? ಜೇನಿನ ಮುಳ್ಳು ಚರ್ಮದಲ್ಲೇ ಉಳಿದು, ಅದಕ್ಕೆ ಅಂಟಿದ ವಿಷದ ಚೀಲ ಇನ್ನೂ ಮಿಡಿಯುತ್ತಿರುತ್ತದೆ. ಉಗುರಿನಿಂದ ಕೆರೆದೋ ಚಿವುಟಿಯೋ, ಹೇಗಾದರೂ ಸರಿ, ಬೇಗ ತೆಗೆಯಿರಿ. ವಿಧಾನಕ್ಕಿಂತ ವೇಗ ಮುಖ್ಯ. ಸೋಪುನೀರಿನಲ್ಲಿ ತೊಳೆದು ಐಸ್ ಒತ್ತಿ. ಉಂಗುರ, ಬಳೆ ಕಳಚಿ, ಬೆರಳು ಊದಿದ ಮೇಲೆ ಅವು ಬರುವುದಿಲ್ಲ. ಸುಣ್ಣ, ಸೋಡಾ, ಹುಳಿ ಹಚ್ಚುವುದರಿಂದ ವಿಷ ಇಳಿಯದು. ಅದು ಹೋಗಿರುವುದು ಚರ್ಮದ ಅಡಿಗೆ, ಮೇಲೆ ಬಳಿದದ್ದು ಅಲ್ಲಿಗೆ ತಲುಪುವುದಿಲ್ಲ. ಸಗಣಿ, ಮಣ್ಣು ಹಚ್ಚಿದರಂತೂ ಗಾಯಕ್ಕೆ ಸೋಂಕು.

ಒಂದೇ ಕುಟುಕಿನಿಂದಲೂ ಪ್ರಾಣ ಹೋಗಬಹುದು ಎಂಬುದನ್ನು ದಯವಿಟ್ಟು ನೆನಪಿಡಿ. ಚುಚ್ಚಿದ ಜಾಗ ಊದುವುದು ಸಹಜ. ಚುಚ್ಚದ ಕಡೆಯೂ ದದ್ದು ಎದ್ದರೆ, ತುಟಿ, ನಾಲಗೆ ಊದಿಕೊಂಡರೆ, ಧ್ವನಿ ಒಡೆದರೆ, ಉಸಿರು ಕಟ್ಟಿದರೆ, ವಾಂತಿಯಾಗಿ ತಲೆಸುತ್ತಿ ಬಿದ್ದರೆ ಅದು ತೀವ್ರ ಅಲರ್ಜಿ. ಅದಕ್ಕೆ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. ಮನೆಯಲ್ಲಿರುವ ಅಲರ್ಜಿ ಮಾತ್ರೆ ತುರಿಕೆಗೆ ಸರಿ, ಈ ಸ್ಥಿತಿಗೆ ಸಾಲದು. 108 ಕರೆಯಿರಿ, ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಓಡಿ. ತಲೆಸುತ್ತುವವರನ್ನು ಮಲಗಿಸಿ ಕಾಲು ಮೇಲೆತ್ತಿ, ಉಸಿರಾಟ ಕಷ್ಟವಾಗುತ್ತಿದ್ದರೆ ಒರಗಿ ಕೂರಲು ಬಿಡಿ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆಗಳಲ್ಲಿ ಮರುಕಳಿಸಬಹುದು, ವೈದ್ಯರು ಇರಿ ಎಂದಷ್ಟು ಹೊತ್ತು ಅಲ್ಲೇ ಇರಿ. ಹಿಂದೊಮ್ಮೆ ಕಚ್ಚಿದಾಗ ಏನೂ ಆಗಿರಲಿಲ್ಲ ಎಂಬುದು ಈ ಸಲಕ್ಕೆ ಭರವಸೆಯಾಗದು.

ಅಲರ್ಜಿ ಇಲ್ಲದವರಿಗೂ ಕುಟುಕಿನ ಸಂಖ್ಯೆ ಹೆಚ್ಚಾದರೆ ವಿಷವೇ ಅಪಾಯ. ವಯಸ್ಕರಿಗೆ 50 ದಾಟಿದ್ದರೆ, ಮಕ್ಕಳಿಗೂ ವೃದ್ಧರಿಗೂ ಅದಕ್ಕಿಂತ ಬಹಳ ಕಡಿಮೆಯಾದರೂ, ಕಡಜವಾದರೆ ಕೆಲವೇ ಆದರೂ, ಆರಾಮವಾಗಿ ಕಂಡರೂ ಆಸ್ಪತ್ರೆಗೆ ಹೋಗಿ. ಸ್ನಾಯು ಕರಗಿ ಮೂತ್ರಪಿಂಡ ಕಟ್ಟಿಕೊಳ್ಳುವುದು ಒಂದೆರಡು ದಿನಗಳ ಮೇಲೆ ತಿಳಿಯುತ್ತದೆ. ಮೂತ್ರ ಕಡಿಮೆಯಾದರೆ, ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡಬೇಡಿ. ಕಣ್ಣಿಗೆ, ಬಾಯೊಳಗೆ, ಗಂಟಲಿಗೆ ಚುಚ್ಚಿದ್ದರೆ ಒಂದೇ ಆದರೂ ವೈದ್ಯರ ಬಳಿಗೆ. ಕಬ್ಬಿನಹಾಲಿನ ಲೋಟ, ಪಾನಕದ ಬಾಟಲಿ ತುಟಿಗಿಡುವ ಮುನ್ನ ಒಳಗೆ ನೋಡುವ ಅಭ್ಯಾಸ ಮಕ್ಕಳಿಗೆ ಮಾಡಿಸಿ.

ಕೊನೆಯದಾಗಿ ಜೂನ್ ತಿಂಗಳ ಕೆಲಸ. ಹೆಜ್ಜೇನು ಬಿಟ್ಟುಹೋದ ಜಾಗಕ್ಕೇ ಮತ್ತೆ ಬರುವ ವಾಡಿಕೆಯುಳ್ಳದ್ದು. ಹುಳು ಪೂರ್ತಿ ಹೋದದ್ದನ್ನು ಖಚಿತ ಮಾಡಿಕೊಂಡು ಹಳೆಯ ಎರಿಯನ್ನು, ಗೋಡೆಗೆ ಅಂಟಿದ ಮೇಣವನ್ನು ಕೆರೆದು, ಬಿಸಿ ಸೋಪುನೀರಿನಲ್ಲಿ ತೊಳೆದು, ಆ ತಾವಿಗೆ ಬಣ್ಣ ಬಳಿಯಿರಿ. ಬಾಲ್ಕನಿಗೆ ಬಲೆ ಹಾಕಿಸುವುದಾದರೆ ಆಗಲೇ. ಗೋಡೆಯ ಬಿರುಕು, ಪೈಪಿನ ಸಂದಿ, ಮೀಟರ್ ಪೆಟ್ಟಿಗೆಯ ತೂತು ಮುಚ್ಚುವುದೂ ಒಳಗೆ ಹುಳುವಿಲ್ಲದ ಆ ದಿನಗಳಲ್ಲಿ. ಪಂಚಾಯಿತಿಯವರು ನೀರಿನ ಟ್ಯಾಂಕಿನ ತಳಕ್ಕೆ ಜಾಲರಿ ಹೊಡೆಸಿ, ಟ್ಯಾಂಕು ತೊಳೆಸುವ ಕೆಲಸವನ್ನು ಜೇನು ಮತ್ತೆ ಬರುವ ಮುಂಚೆ, ದಸರೆಯ ಒಳಗೆ ಮುಗಿಸಿಕೊಂಡರೆ ಏಣಿ ಹತ್ತುವ ನೀರುಗಂಟಿಗೆ ದೊಡ್ಡ ಉಪಕಾರ. ಈ ವರ್ಷ ಈಗಾಗಲೇ ತಟ್ಟಿ ಕಟ್ಟಿರುವ ಟ್ಯಾಂಕಾದರೆ, ಅದರ ಬುಡದಲ್ಲಿ ದೊಡ್ಡ ಅಕ್ಷರದ ಒಂದು ಫಲಕವನ್ನು ಇಂದೇ ನಿಲ್ಲಿಸಿ: ‘ಮೇಲೆ ಹೆಜ್ಜೇನಿದೆ. ಹೊಗೆ, ಪಟಾಕಿ, ಕಲ್ಲು ಬೇಡ.’